ಪೆನ್ಸಿಲ್ವೇನಿಯಾದ ಉದ್ದಕೋವಿಗೆ ಮರದ ಒಡಲು ಕೆತ್ತುವ ಬಗೆ

ಚಕಮಕಿ ಉದ್ದಕೋವಿಯ ಒಡಲನ್ನು ಕೆತ್ತಲು ಕುಳಿತವರ ಮುಂದೆ ಮೊದಲ ದಿನ ಇರುವುದು ಐದು ಅಡಿ ಉದ್ದದ, ಎರಡೂವರೆ ಅಂಗುಲ ದಪ್ಪದ ಒಂದು ಮೇಪಲ್ ಹಲಗೆ. ಕೆಲಸ ಮುಗಿಯುವ ಹೊತ್ತಿಗೆ ಅದರ ಬಹುಪಾಲು ಚಕ್ಕೆಯಾಗಿ ನೆಲದ ಮೇಲೆ ಬಿದ್ದಿರುತ್ತದೆ. ಉಳಿಯುವ ಮರ ತೀರಾ ಸ್ವಲ್ಪ. ಆ ಸ್ವಲ್ಪ ಮರ ಎಲ್ಲಿ ಉಳಿಯಬೇಕು, ಎಲ್ಲಿ ಹೋಗಬೇಕು ಎಂಬ ತಿಳಿವಳಿಕೆಯೇ ಈ ಕುಶಲಕಲೆಯ ತಿರುಳು. ಹಿತ್ತಾಳೆಯ ಅಲಂಕಾರ, ಉಬ್ಬು ಕೆತ್ತನೆ, ಬಣ್ಣ ಎಲ್ಲವೂ ಆಮೇಲಿನ ಮಾತು. ರೇಖೆ ತಪ್ಪಿದ ಒಡಲನ್ನು ಯಾವ ಅಲಂಕಾರವೂ ಕಾಪಾಡಲಾರದು.

ಈ ಬರಹ ಮರಗೆಲಸಕ್ಕೆ, ಹಿತ್ತಾಳೆಯ ಜೋಡಣೆಗೆ ಮತ್ತು ಮೆರುಗಿಗೆ ಸೀಮಿತವಾಗಿದೆ. ನಳಿಗೆಯನ್ನೂ, ಕಿಡಿ ಹೊತ್ತಿಸಿ ಮದ್ದಿಗೆ ಬೆಂಕಿ ಮುಟ್ಟಿಸುವ ಲಾಕ್ ಎಂಬ ಯಂತ್ರವನ್ನೂ ಅದರಲ್ಲೇ ಪಳಗಿದವರಿಂದ ಸಿದ್ಧರೂಪದಲ್ಲಿ ತರಿಸಿಕೊಳ್ಳುವುದು ಇಂದಿನ ಕುಶಲಕರ್ಮಿಗಳ ರೂಢಿ. ಅದರಲ್ಲಿ ಕೊರತೆಯೇನೂ ಇಲ್ಲ, ಏಕೆಂದರೆ ಹದಿನೆಂಟನೆಯ ಶತಮಾನದ ಪೆನ್ಸಿಲ್ವೇನಿಯಾದಲ್ಲಿಯೂ ಅನೇಕ ಕೋವಿಗಾರರು ಇಂಗ್ಲೆಂಡಿನಿಂದ ಬಂದ ಲಾಕುಗಳನ್ನು, ನೀರಿನ ಬಲದಿಂದ ನಡೆಯುತ್ತಿದ್ದ ಕಾರ್ಖಾನೆಗಳಲ್ಲಿ ತಯಾರಾದ ನಳಿಗೆಗಳನ್ನು ಕೊಂಡು ತಂದೇ ಕೆಲಸ ಮಾಡುತ್ತಿದ್ದರು. ಅವರ ಕೈಗುರುತು ಎದ್ದು ಕಾಣುವುದು ಒಡಲಿನಲ್ಲಿ.

ಯಾವ ಊರಿನ ಕೋವಿ ಎಂಬುದು ಮೊದಲು ತೀರ್ಮಾನವಾಗಲಿ

ಉಳಿ ಹಿಡಿಯುವ ಮೊದಲು ಮಾದರಿಯೊಂದನ್ನು ಆರಿಸಿಕೊಳ್ಳಬೇಕು. ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಜರ್ಮನ್ ಮತ್ತು ಸ್ವಿಸ್ ವಲಸಿಗರು ಆಗ್ನೇಯ ಪೆನ್ಸಿಲ್ವೇನಿಯಾಕ್ಕೆ ಬಂದಾಗ ಅವರೊಂದಿಗೆ ಬಂದದ್ದು ಯೇಗರ್ ಎಂಬ ಗಿಡ್ಡ, ಭಾರವಾದ, ದೊಡ್ಡ ಬಾಯಿಯ ಬೇಟೆಕೋವಿ. ಅದರ ನಳಿಗೆ ಸಾಮಾನ್ಯವಾಗಿ ಮೂವತ್ತು ಅಂಗುಲದೊಳಗೆ ಇರುತ್ತಿತ್ತು. ಹೊಸ ನೆಲದಲ್ಲಿ ಅದು ಒಂದೆರಡು ತಲೆಮಾರುಗಳಲ್ಲಿ ಉದ್ದವಾಯಿತು, ಸಪೂರವಾಯಿತು, ಬಾಯಿ ಕಿರಿದಾಯಿತು. ನಳಿಗೆ ನಲವತ್ತೆರಡರಿಂದ ನಲವತ್ತಾರು ಅಂಗುಲಕ್ಕೆ ಬೆಳೆಯಿತು. ಮುಂದೆ ಇದಕ್ಕೆ ಕೆಂಟಕಿ ರೈಫಲ್ ಎಂಬ ಹೆಸರು ಅಂಟಿಕೊಂಡರೂ ಹುಟ್ಟಿದ ನೆಲ ಪೆನ್ಸಿಲ್ವೇನಿಯಾವೇ. ಕೆಂಟಕಿ ಅದನ್ನು ಹೊತ್ತು ಹೋದವರ ಗಡಿನಾಡು.

ಒಂದೊಂದು ಸೀಮೆಯ ಕೋವಿಗಾರರಿಗೂ ಒಂದೊಂದು ರೇಖೆ ಇತ್ತು. ಲ್ಯಾಂಕಾಸ್ಟರಿನ ಒಡಲಿನಲ್ಲಿ ಬುಡದ, ಅಂದರೆ ಭುಜಕ್ಕೆ ಆನಿಸುವ ಹಿಂಭಾಗದ, ಮೇಲಂಚು ಮತ್ತು ಕೆಳಅಂಚು ಎರಡೂ ನೇರವಾಗಿ ಸಾಗಿ, ಬುಡವು ಉದ್ದನೆಯ ತ್ರಿಕೋನದಂತೆ ಕಾಣುತ್ತದೆ. 1740ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಲ್ಯಾಂಕಾಸ್ಟರಿನಲ್ಲಿ ನೆಲೆಸಿ, 1822ರಲ್ಲಿ ತೀರಿಕೊಂಡ ಜೇಕಬ್ ಡಿಕರ್ಟ್ ಈ ಶೈಲಿಯ ಹೆಸರಾಂತ ಕೋವಿಗಾರ. ಲೀಹೈ ಕಣಿವೆಯ ಒಡಲಿನಲ್ಲಿ ಅದೇ ಅಂಚುಗಳು ಬಿಲ್ಲಿನಂತೆ ಬಾಗಿ, ಬುಡದ ಮೇಲಂಚು ಗಿಡುಗನ ಮೂಗಿನ ಹಾಗೆ ಉಬ್ಬಿರುತ್ತದೆ. ಹರ್ಮನ್ ರಪ್‌ನ ಕೋವಿಗಳನ್ನು ಇದಕ್ಕೆ ಮಾದರಿಯಾಗಿ ನೋಡಬಹುದು. ಪೆನ್ಸಿಲ್ವೇನಿಯಾದ ನಜರೆತ್ ಊರಿನ ಬಳಿ, ಮೊರೇವಿಯನ್ ಎಂಬ ಕ್ರೈಸ್ತ ಪಂಗಡದವರ ಕ್ರಿಶ್ಚಿಯನ್ಸ್ ಸ್ಪ್ರಿಂಗ್ ವಸತಿಯಲ್ಲಿ ಆಂಡ್ರಿಯಾಸ್ ಆಲ್ಬ್ರೆಕ್ಟ್ ಮತ್ತು 1770ರ ದಶಕದಲ್ಲಿ ಕ್ರಿಶ್ಚಿಯನ್ ಓರ್ಟರ್ ಮಾಡಿದ ಕೆಲಸದ ಗತ್ತು ಇನ್ನೊಂದು ಬಗೆಯದು. ಬೆಡ್‌ಫರ್ಡ್ ಕೌಂಟಿಯ ಕೋವಿಗಳಂತೂ ಕಡ್ಡಿಯಷ್ಟು ಸಪೂರ.

ಲ್ಯಾಂಕಾಸ್ಟರಿನ ಬುಡಕ್ಕೆ ಲೀಹೈನ ಹೊಟ್ಟೆಯುಬ್ಬು, ಅದಕ್ಕೆ ಬೆಡ್‌ಫರ್ಡಿನ ಲಾಕುಪಟ್ಟಿ ಹೀಗೆ ಚೆಂದವೆನಿಸಿದ್ದನ್ನೆಲ್ಲ ಬೆರೆಸಿದರೆ ಒಡಲು ಯಾವ ಊರಿಗೂ ಸೇರದಂತಾಗುತ್ತದೆ. ಹೊಸಬರು ಒಂದೇ ಒಂದು ಹಳೆಯ ಕೋವಿಯನ್ನು ಆರಿಸಿ, ಅದನ್ನು ತಿಂಗಳುಗಟ್ಟಲೆ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಜರೆತ್ ಹತ್ತಿರದ ಬೋಲ್ಟನ್‌ನಲ್ಲಿ, ಹೆನ್ರಿ ಮನೆತನದವರು 1812ರಲ್ಲಿ ಕೋವಿ ಕಾರ್ಖಾನೆ ಕಟ್ಟಿದ ಜಾಗದಲ್ಲಿ, ಉದ್ದಕೋವಿಗಳ ವಸ್ತುಸಂಗ್ರಹಾಲಯವಿದೆ. ಅಲ್ಲಿಗೆ ಹೋಗಲಾಗದವರು ಒಳ್ಳೆಯ ಛಾಯಾಚಿತ್ರಗಳಿಂದಲೇ ನಿಜಗಾತ್ರದ ಪಕ್ಕನೋಟವನ್ನೂ ಮೇಲುನೋಟವನ್ನೂ ಕಾಗದದ ಮೇಲೆ ಬರೆದುಕೊಳ್ಳಬೇಕು. ಬರೆಯುವಾಗ ಕೈ ಎಲ್ಲಿ ತಡವರಿಸುತ್ತದೆಯೋ ಅಲ್ಲೇ ಕಣ್ಣು ಸರಿಯಾಗಿ ನೋಡಿಲ್ಲವೆಂದು ತಿಳಿಯಬೇಕು.

ಮರದ ಆಯ್ಕೆ

ವಾಲ್‌ನಟ್ ಮತ್ತು ಚೆರ್ರಿ ಮರದಲ್ಲಿಯೂ ಹಳೆಯ ಕೋವಿಗಳಿವೆ. ಆದರೆ ಉದ್ದಕೋವಿ ಎಂದೊಡನೆ ಕಣ್ಣಿಗೆ ಬರುವುದು ಹುಲಿಪಟ್ಟೆಯ ಮೇಪಲ್. ಮರದ ನಾರು ನೆಟ್ಟಗೆ ಬೆಳೆಯದೆ ಅಲೆಅಲೆಯಾಗಿ ಬೆಳೆದಾಗ ಈ ಪಟ್ಟೆಗಳು ಮೂಡುತ್ತವೆ. ಸಕ್ಕರೆ ಮೇಪಲ್ ಗಟ್ಟಿ, ಅದರಲ್ಲಿ ಕೆತ್ತನೆಯ ಅಂಚು ಚೂಪಾಗಿ ನಿಲ್ಲುತ್ತದೆ. ಕೆಂಪು ಮೇಪಲ್ ಅದಕ್ಕಿಂತ ಮೆದು, ಪಟ್ಟೆ ಮಾತ್ರ ಬಹಳ ಸೊಗಸಾಗಿರಬಹುದು. ತೀರಾ ಮೆದುವಾದ, ಹಗುರವಾದ ತುಂಡನ್ನು ಪಟ್ಟೆಯ ಆಸೆಗೆ ಕೊಳ್ಳಬಾರದು. ಉಗುರಿನಿಂದ ಒತ್ತಿದರೆ ಸುಲಭವಾಗಿ ಗುರುತು ಬೀಳುವ ಮರದಲ್ಲಿ ಉಬ್ಬು ಕೆತ್ತನೆ ನಿಲ್ಲುವುದಿಲ್ಲ.

ಪಟ್ಟೆಗಿಂತ ಮುಖ್ಯವಾದದ್ದು ಕತ್ತಿನಲ್ಲಿ ನಾರು ಹರಿಯುವ ದಿಕ್ಕು. ಲಾಕಿನ ಹಿಂದೆ, ಹಿಡಿಯುವ ಕೈ ಸುತ್ತಿಕೊಳ್ಳುವ ಸಪೂರ ಭಾಗಕ್ಕೆ ಕತ್ತು ಎನ್ನೋಣ. ಒಡಲು ಮುರಿಯುವುದಾದರೆ ಅಲ್ಲೇ ಮುರಿಯುತ್ತದೆ. ನಾರು ಕತ್ತಿನ ಉದ್ದಕ್ಕೂ ಬಾಗಿ ಬುಡದೆಡೆಗೆ ಇಳಿಯುವಂತಿರಬೇಕು. ಅಡ್ಡಡ್ಡವಾಗಿ ಹಾದುಹೋದರೆ ಒಂದು ಬೀಳಿನಲ್ಲೇ ಸೀಳುತ್ತದೆ. ಹಾಗಾಗಿ ಕಾಗದದ ಮಾದರಿಯನ್ನು ಹಲಗೆಯ ಮೇಲಿಟ್ಟು, ನಾರಿನ ಹರಿವಿಗೆ ಕತ್ತು ಹೊಂದುವವರೆಗೆ ಮೆಲ್ಲಗೆ ತಿರುಗಿಸುತ್ತ ನೋಡಬೇಕು. ಮರ ಚೆನ್ನಾಗಿ ಒಣಗಿರಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಿಲ್ಲ. ಗಾಳಿಯಲ್ಲಿ ಒಣಗಿಸುವಾಗ ದಪ್ಪದ ಪ್ರತಿ ಅಂಗುಲಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಹಳೆಯ ಲೆಕ್ಕ. ತಂದ ಹಲಗೆ ಕೆಲಸದ ಕೋಣೆಯಲ್ಲೇ ಕೆಲವು ವಾರ ಕುಳಿತು ಅಲ್ಲಿನ ಹವೆಗೆ ಒಗ್ಗಿಕೊಳ್ಳಲಿ.

ನಳಿಗೆಯನ್ನು ಮರದಲ್ಲಿ ಕೂರಿಸುವುದು

ನಳಿಗೆ ಎಂಟು ಮುಖದ್ದು. ಒಳ್ಳೆಯ ಹಳೆಯ ನಳಿಗೆಗಳು ಹಿಂತುದಿಯಲ್ಲಿ ದಪ್ಪವಾಗಿದ್ದು, ಮುಂದಕ್ಕೆ ಹೋದಂತೆ ಸಣ್ಣಗಾಗಿ, ಬಾಯಿಯ ಬಳಿ ಮತ್ತೆ ತುಸು ಅರಳಿಕೊಳ್ಳುತ್ತಿದ್ದವು. ಅಂಥದ್ದನ್ನು ಕೈಯಲ್ಲಿ ಎತ್ತಿದಾಗ ಭಾರ ಮೈಗೆ ಹತ್ತಿರ ಕೂರುತ್ತದೆ. ಆದರೆ ಉದ್ದಕ್ಕೂ ಅಗಲ ಬದಲಾಗುವ ಕಾಲುವೆಯನ್ನು ಮರದಲ್ಲಿ ತೋಡುವುದು ಕಷ್ಟ. ಮೊದಲ ಒಡಲಿಗೆ ನೇರ ನಳಿಗೆ ಸಾಕು.

ಹಲಗೆಯ ಮೇಲಂಚನ್ನು ಕೀಸುಳಿಯಿಂದ ನೇರ ಮಾಡಿ, ನಡುಗೆರೆ ಎಳೆಯಬೇಕು. ಮುಂದಿನ ಪ್ರತಿಯೊಂದು ಅಳತೆಯೂ ಈ ಗೆರೆಯಿಂದಲೇ ಹುಟ್ಟುವುದರಿಂದ, ಅದನ್ನು ಪೆನ್ಸಿಲಿನಿಂದ ಬರೆದು ಬಿಡದೆ ಚೂರಿಯ ತುದಿಯಿಂದ ಗೀರಬೇಕು. ಕಾಲುವೆಯನ್ನು ಬೇಕಾದ ಅಗಲಕ್ಕಿಂತ ಕಡಿಮೆಯಾಗಿ ತೋಡಿಕೊಂಡು, ಕೊನೆಯ ಒಂದು ಮಿಲಿಮೀಟರನ್ನು ಉಳಿಯಿಂದ ಮತ್ತು ಕೆರೆಯುವ ತಗಡಿನಿಂದ ಮಾತ್ರ ತೆಗೆಯಬೇಕು.

ಇಲ್ಲಿ ಬಳಸುವ ಉಪಾಯ ಸರಳ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ನಳಿಗೆಯ ಕೆಳಮುಖಗಳಿಗೆ ತೆಳ್ಳಗೆ ಸವರುವುದು, ನಳಿಗೆಯನ್ನು ಕಾಲುವೆಗೆ ಇಳಿಸಿ ಕೊಡತಿಯಿಂದ ಮೆಲ್ಲಗೆ ತಟ್ಟುವುದು, ಎತ್ತುವುದು. ಕಪ್ಪು ಹತ್ತಿದ ಕಡೆ ಮರ ತಾಗುತ್ತಿದೆ ಎಂದರ್ಥ. ಅಲ್ಲಿ ಮಾತ್ರ ಕೆರೆಯಬೇಕು. ಮತ್ತೆ ಮಸಿ, ಮತ್ತೆ ಇಳಿಸು, ಮತ್ತೆ ಕೆರೆ. ಮೊದಮೊದಲು ಕಪ್ಪು ಅಲ್ಲೊಂದು ಇಲ್ಲೊಂದು ಚುಕ್ಕಿಯಾಗಿ ಕಾಣುತ್ತದೆ. ಹತ್ತಾರು ಸಲ ಇಳಿಸಿ ಎತ್ತಿದ ಮೇಲೆ ಚುಕ್ಕಿಗಳು ಕೂಡಿಕೊಂಡು ಕಾಲುವೆಯ ತಳ ಉದ್ದಕ್ಕೂ ಸಮನಾಗಿ ಮಸುಕು ಬೂದು ಬಣ್ಣಕ್ಕೆ ಬರುತ್ತದೆ. ನಳಿಗೆಯನ್ನು ಎತ್ತುವಾಗ ಮರ ಅದನ್ನು ಕ್ಷಣಹೊತ್ತು ಹಿಡಿದುಕೊಂಡು ಬಿಟ್ಟಂತಾದರೆ ಕೂಡಿಕೆ ಸರಿಯಾಗಿದೆ. ಹಿಂತುದಿ ಮರಕ್ಕೆ ಒತ್ತಿ ನಿಲ್ಲುವ ಜಾಗದಲ್ಲಿ ಮಾತ್ರ ಯಾವ ರಾಜಿಯೂ ಬೇಡ: ಅಲ್ಲಿ ಸಂದು ಉಳಿದರೆ ಗುಂಡು ಹಾರುವಾಗಿನ ಹಿಂದೊದೆತವೆಲ್ಲ, ನಳಿಗೆಯ ಹಿಂದೆ ಚಾಚಿದ ಬಾಲವನ್ನು ಮರಕ್ಕೆ ಹಿಡಿದಿಡುವ ತಿರುಪಿನ ಮೇಲೆ ಬಿದ್ದು ಕತ್ತು ಸೀಳುತ್ತದೆ.

ನಳಿಗೆಯ ಕೆಳಗೆ ಮದ್ದು ತುರುಕುವ ಗಜಕ್ಕೆ ಜಾಗ ಮಾಡಬೇಕು. ಮುಂಭಾಗದಲ್ಲಿ ಅದು ತೆರೆದ ಗಾಡಿ, ಅಂದರೆ ಉದ್ದನೆಯ ತೋಡು. ಮಧ್ಯದಿಂದ ಹಿಂದಕ್ಕೆ ಮರದೊಳಗೇ ಸಾಗುವ ರಂಧ್ರ. ಸುಮಾರು ನಾಲ್ಕಡಿ ಉದ್ದದ ಬೈರಿಗೆಯ ಕಡ್ಡಿಯನ್ನು ಗಾಡಿಯಲ್ಲೇ ಮಲಗಿಸಿ, ಅದೇ ದಾರಿಯಲ್ಲಿ ಒಳಕ್ಕೆ ಕೊರೆಯುತ್ತಾರೆ. ಗಜದ ರಂಧ್ರಕ್ಕೂ ನಳಿಗೆಯ ಕಾಲುವೆಗೂ ನಡುವೆ ಉಳಿಯುವ ಮರ ಮೂರು ಮಿಲಿಮೀಟರಿನ ಆಸುಪಾಸು ಮಾತ್ರ. ಇಡೀ ಕೆಲಸದಲ್ಲಿ ಎದೆ ಹೊಡೆದುಕೊಳ್ಳುವ ಗಳಿಗೆ ಇದೊಂದೇ, ಏಕೆಂದರೆ ಕಡ್ಡಿ ಒಳಗೆ ಯಾವ ಕಡೆಗೆ ವಾಲುತ್ತಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಎರಡೆರಡು ಅಂಗುಲಕ್ಕೆ ನಿಲ್ಲಿಸಿ, ಹೊಟ್ಟು ತೆಗೆದು, ಕಡ್ಡಿ ತಣ್ಣಗಾಗಲು ಬಿಟ್ಟು ಮುಂದುವರಿಯಬೇಕು. ಇಲ್ಲಿ ಮರವನ್ನು ಹೆಚ್ಚು ಉಳಿಸಿಕೊಂಡರೆ ಕ್ಷೇಮ ಎಂದು ರಂಧ್ರವನ್ನು ಕೆಳಗಿಳಿಸುವವರಿದ್ದಾರೆ. ಅದರ ಫಲವಾಗಿ ಲಾಕಿನ ಬಳಿ ಒಡಲಿನ ಹೊಟ್ಟೆ ಜೋತುಬಿದ್ದು, ಮುಂದೆ ಎಷ್ಟು ಕೆತ್ತಿದರೂ ಸಪೂರವಾಗದು.

ನಳಿಗೆಯನ್ನು ಮರಕ್ಕೆ ಹಿಡಿದಿಡುವುದು ಅಡ್ಡಲಾಗಿ ಹಾದುಹೋಗುವ ಸಣ್ಣ ಉಕ್ಕಿನ ಕಡ್ಡಿಗಳು. ಅವು ನಳಿಗೆಯ ಕೆಳಗಿನ ಪುಟ್ಟ ಕಿವಿಗಳ ಮೂಲಕ ತೂರುತ್ತವೆ. ಆ ಕಿವಿಗಳ ತೂತನ್ನು ದುಂಡಗೆ ಬಿಡದೆ, ಸಣ್ಣ ಅರದಿಂದ ನಳಿಗೆಯ ಉದ್ದದ ದಿಕ್ಕಿಗೆ ತುಸು ಹಿಗ್ಗಿಸಬೇಕು. ಹವೆಯಲ್ಲಿ ತೇವ ಏರಿಳಿದಂತೆ ಮರ ಅಲುಗಾಡುತ್ತದೆ, ಕಬ್ಬಿಣ ಅದರೊಡನೆ ಅಲುಗಾಡುವುದಿಲ್ಲ. ತೂತಿಗೆ ಎಡೆ ಇಲ್ಲದಿದ್ದರೆ ತೆಳುವಾದ ಮುಂಭಾಗದ ಮರ ಬಾಗುತ್ತದೆ ಅಥವಾ ಬಿರಿಯುತ್ತದೆ. ಹೊರಗಿನಿಂದ ನೋಡುವವರಿಗೆ ಎಂದೂ ಕಾಣದ ಈ ಒಂದು ಮಿಲಿಮೀಟರಿನ ಔದಾರ್ಯವನ್ನು ನಾನು ನನ್ನ ಮೊದಲ ಒಡಲಿನಲ್ಲಿ ತೋರಿಸಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಎರಡನೆಯ ಕಡ್ಡಿಯಿಂದ ಮೂತಿಯವರೆಗೆ ಕೂದಲೆಳೆಯ ಬಿರುಕು ಬಿಟ್ಟಿತ್ತು.

ಲಾಕ್, ಬುಡದ ಫಲಕ ಮತ್ತು ಉಳಿದ ಹಿತ್ತಾಳೆ

ಲಾಕನ್ನು ಕೂರಿಸಲೂ ಅದೇ ಮಸಿಯ ಉಪಾಯ. ಮೊದಲು ಲಾಕಿನ ಒಳಭಾಗಗಳನ್ನು ಬಿಚ್ಚಿ, ಬರಿಯ ತಗಡನ್ನು ಮರದಲ್ಲಿ ಇಳಿಸಬೇಕು. ಅದು ನಳಿಗೆಯ ಪಕ್ಕಕ್ಕೆ ಒತ್ತಿ ನಿಂತ ಮೇಲೆ ಒಂದೊಂದೇ ಭಾಗವನ್ನು ಮರಳಿ ಜೋಡಿಸಿ, ಅದರದರ ಗುಳಿಯನ್ನು ಅದಕ್ಕೆ ಬೇಕಾದಷ್ಟೇ ತೋಡಬೇಕು. ದೊಡ್ಡ ಗುಂಡಿ ತೋಡಿ ಎಲ್ಲವನ್ನೂ ಒಂದೇ ಸಲ ಇಳಿಸಿಬಿಡುವುದು ಸುಲಭವೇನೋ ಹೌದು. ಆದರೆ ಕತ್ತಿನ ಬುಡದಲ್ಲೇ, ಮರ ಅತ್ಯಂತ ಬೇಕಾದ ಕಡೆಯಲ್ಲೇ, ಟೊಳ್ಳು ಮಾಡಿದಂತಾಗುತ್ತದೆ.

ಬುಡದ ಹಿತ್ತಾಳೆ ಫಲಕ ಎರಡು ದಿಕ್ಕಿನಲ್ಲಿ ಬಾಗಿರುವುದರಿಂದ ಅದನ್ನು ಕೂರಿಸಲು ಒಂದು ಇಡೀ ದಿನ ಬೇಕಾದರೂ ಆಶ್ಚರ್ಯವಿಲ್ಲ. ಹಳೆಯ ಮಾದರಿಗಳಲ್ಲಿ ಅದು ಅಗಲವಾಗಿ, ಹೆಚ್ಚುಕಡಿಮೆ ಚಪ್ಪಟೆಯಾಗಿ ಇರುತ್ತಿತ್ತು. ಹತ್ತೊಂಬತ್ತನೆಯ ಶತಮಾನಕ್ಕೆ ಕಾಲಿಟ್ಟಂತೆ ಕಿರಿದಾಗಿ, ಬಿದಿಗೆಯ ಚಂದ್ರನಂತೆ ಬಾಗಿತು. ಟ್ರಿಗರಿನಿಂದ ಫಲಕದ ನಡುವಿನವರೆಗಿನ ಅಂತರ ಹದಿಮೂರೂವರೆ ಅಂಗುಲದ ಸುತ್ತಮುತ್ತ ಇರುವುದು ವಾಡಿಕೆಯಾದರೂ, ತೋಳಿನ ಉದ್ದಕ್ಕೆ ತಕ್ಕಂತೆ ಅದನ್ನು ಬದಲಿಸಿಕೊಳ್ಳಬಹುದು. ಗಜದ ಕೊಳವೆಗಳು, ಟ್ರಿಗರಿನ ಕಾವಲು ಪಟ್ಟಿ, ಮೂತಿಯ ಪಟ್ಟಿ ಇವುಗಳೆಲ್ಲ ಇದೇ ಕ್ರಮದಲ್ಲಿ ಒಂದೊಂದಾಗಿ ಕೂರುತ್ತವೆ.

ಒಡಲಿನ ಬಲಬದಿಯಲ್ಲಿ ಹಿತ್ತಾಳೆ ಮುಚ್ಚಳದ ಒಂದು ಪೆಟ್ಟಿಗೆ ಇರುತ್ತದೆ. ಗುಂಡಿಗೆ ಸುತ್ತುವ, ಕೊಬ್ಬು ಸವರಿದ ಬಟ್ಟೆಯ ತುಂಡುಗಳನ್ನು ಇಟ್ಟುಕೊಳ್ಳಲು ಅದನ್ನು ಮಾಡುತ್ತಿದ್ದರು. ಮೊದಲಿನ ಕೋವಿಗಳಲ್ಲಿ ಅದಕ್ಕೆ ಜಾರುವ ಮರದ ಮುಚ್ಚಳವಿತ್ತು. ಆಮೇಲೆ ಕೀಲಿರುವ ಹಿತ್ತಾಳೆಯ ಮುಚ್ಚಳ, ಅದರ ಮೇಲೊಂದು ಹೂವಿನಾಕಾರದ ತಲೆ, ಇಕ್ಕೆಲಗಳಲ್ಲಿ ಬಳುಕುವ ಪಟ್ಟಿಗಳು ಬಂದವು. ಬುಡದ ಪಕ್ಕ ಚಪ್ಪಟೆಯಲ್ಲ, ಮೆಲುವಾಗಿ ಉಬ್ಬಿದೆ ಎಂಬುದನ್ನು ನೆನಪಿಟ್ಟು, ತಗಡನ್ನು ಆ ಉಬ್ಬಿಗೆ ಮೊದಲೇ ಬಾಗಿಸಿಕೊಂಡು ನಂತರ ಅದರ ಅಂಚನ್ನು ಚೂರಿಯಿಂದ ಮರದ ಮೇಲೆ ಗೀರಿಕೊಳ್ಳಬೇಕು. ತಗಡಿನ ಅಂಚನ್ನು ಒಳಮುಖವಾಗಿ ತುಸು ಓರೆಯಾಗಿ ಅರೆದಿದ್ದರೆ, ಇಳಿಸುವಾಗ ಅದು ಮರವನ್ನು ಬಿಗಿಯಾಗಿ ಒತ್ತಿಕೊಂಡು ಸಂದಿಲ್ಲದೆ ಕೂರುತ್ತದೆ.

ರೂಪ ಕೊಡುವುದು

ಚೌಕಾಕಾರದ ಮರ ಕೋವಿಯಾಗುವ ಹಂತ ಇದು. ಇಲ್ಲಿ ಹೊಸಬರು ಮಾಡುವ ತಪ್ಪು ಹೆಚ್ಚು ತೆಗೆಯುವುದಲ್ಲ, ಕಡಿಮೆ ತೆಗೆಯುವುದು. ಇಷ್ಟು ಕಷ್ಟಪಟ್ಟು ಕೂರಿಸಿದ್ದು ಹಾಳಾದೀತೆಂಬ ಅಂಜಿಕೆಯಿಂದ ಎಲ್ಲ ಕಡೆಯೂ ಎರಡು ಮೂರು ಮಿಲಿಮೀಟರ್ ಮರ ಉಳಿಸಿಬಿಡುತ್ತಾರೆ. ಹಳೆಯ ಕೋವಿಯ ಮುಂಭಾಗದಲ್ಲಿ ನಳಿಗೆಯ ಪಕ್ಕದ ಮರದ ದಪ್ಪ ಎರಡು ಮಿಲಿಮೀಟರಿನ ಸುತ್ತಮುತ್ತ ಮಾತ್ರ ಇರುತ್ತದೆ. ಆ ಮರ ನಳಿಗೆಯ ಪಕ್ಕದ ಮುಖದ ಅರ್ಧದವರೆಗೆ ಮಾತ್ರ ಏರಿ ನಿಲ್ಲುತ್ತದೆ.

ದೊಡ್ಡ ಮರದ ಅರದಿಂದ ಮೊದಲು ಪಕ್ಕನೋಟದ ರೇಖೆಯನ್ನು, ಆಮೇಲೆ ಮೇಲುನೋಟದ ರೇಖೆಯನ್ನು ಚೌಕವಾಗಿಯೇ ತರಬೇಕು. ಎರಡೂ ಸರಿಯೆನಿಸಿದ ಮೇಲೆ ಮೂಲೆಗಳನ್ನು ಮುರಿದು ಎಂಟು ಮುಖ ಮಾಡಿ, ಎಂಟನ್ನು ಹದಿನಾರು ಮಾಡಿ, ಕೊನೆಗೆ ದುಂಡಾಗಿಸಬೇಕು. ಮೊದಲೇ ದುಂಡು ಮಾಡಲು ಹೊರಟರೆ ಎಡಬಲ ಸಮನಾಗುವುದಿಲ್ಲ. ಕತ್ತನ್ನು ಪೂರ್ತಿ ದುಂಡಾಗಿ ಬಿಡದೆ ತುಸು ಮೊಟ್ಟೆಯಾಕಾರಕ್ಕೆ ತರುವುದು ಒಳ್ಳೆಯದು. ಲಾಕಿನ ಸುತ್ತಲಿನ ಚಪ್ಪಟೆ ಅಂಚು ಎರಡು ಮೂರು ಮಿಲಿಮೀಟರಿಗಿಂತ ಅಗಲವಾಗಿರಬಾರದು; ಅದು ದಪ್ಪವಾದಷ್ಟೂ ಕೋವಿ ಮಂಕಾಗಿ ಕಾಣುತ್ತದೆ.

ಕೆಲಸದ ಮೇಜಿನಿಂದ ಒಡಲನ್ನು ಆಗಾಗ ಬಿಡಿಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಬೇಕು. ಬೆಳಕಿನ ಗೆರೆ ಬುಡದಿಂದ ಮೂತಿಯವರೆಗೆ ತುಂಡಾಗದೆ ಹರಿದರೆ ರೇಖೆ ಸರಿ. ಗೆರೆ ಎಲ್ಲಿ ನಡುಗುತ್ತದೋ ಅಲ್ಲಿ ಉಬ್ಬೋ ತಗ್ಗೋ ಇದೆ. ಕಣ್ಣು ಮುಚ್ಚಿ ಅಂಗೈಯಿಂದ ಸವರಿದರೆ ಯಾವುದೆಂದು ತಿಳಿಯುತ್ತದೆ. ಕೆತ್ತನೆ ಬರಬೇಕಾದ ಜಾಗಗಳಲ್ಲಿ, ಅಂದರೆ ಗುರಿಯಿಡುವಾಗ ಕೆನ್ನೆ ಒರಗುವ ಉಬ್ಬಾದ ಕೆನ್ನೆಯಾನಿಕೆಯ ಹಿಂದೆ ಮತ್ತು ನಳಿಗೆಯ ಬಾಲದ ಸುತ್ತ, ಒಂದು ಮಿಲಿಮೀಟರ್ ಮರವನ್ನು ಹೆಚ್ಚಿಗೆ ಉಳಿಸಿಕೊಂಡಿರಬೇಕು.

ಉಬ್ಬು ಕೆತ್ತನೆ

ಆ ಕಾಲದ ಪೀಠೋಪಕರಣಗಳಲ್ಲಿ ಕಾಣುವ, ರೊಕೊಕೊ ಎಂಬ ಯುರೋಪಿನ ಅಲಂಕಾರ ಶೈಲಿಯ ಸುರುಳಿಗಳೇ ಕೋವಿಯ ಒಡಲಿಗೂ ಬಂದವು. ಕೆನ್ನೆಯಾನಿಕೆಯ ಹಿಂದೆ ಸಿ ಆಕಾರದ ಒಂದು ದೊಡ್ಡ ಸುರುಳಿ, ಅದರಿಂದ ಹೊರಟ ಎಲೆಗಳು, ಎಲೆಗಳ ನಡುವೆ ಖಾಲಿ ಜಾಗ: ಇಷ್ಟೇ ಅದರ ವ್ಯಾಕರಣ. ಪೆನ್ಸಿಲಿನಿಂದ ನೇರವಾಗಿ ಮರದ ಮೇಲೆ ಬರೆದು, ದೂರ ನಿಂತು ನೋಡಿ, ಅಳಿಸಿ, ಮತ್ತೆ ಬರೆಯಬೇಕು. ತೃಪ್ತಿಯಾದ ಮೇಲೆ ಅಂಚುಗಳನ್ನು ಉಳಿಯಿಂದ ಇಳಿಸಿ, ಸುತ್ತಲಿನ ಮರವನ್ನು ಒಂದು ಮಿಲಿಮೀಟರಿನಷ್ಟು ತಗ್ಗಿಸಿ, ಆ ತಗ್ಗು ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ ಒಡಲಿನ ಮೈಗೆ ಕರಗಿಸಬೇಕು. ಹುಲಿಪಟ್ಟೆಯ ಮರದಲ್ಲಿ ನಾರು ಪ್ರತಿ ಅರ್ಧ ಅಂಗುಲಕ್ಕೆ ದಿಕ್ಕು ಬದಲಿಸುವುದರಿಂದ, ಉಳಿ ಕ್ಷೌರದ ಕತ್ತಿಯಷ್ಟು ಹರಿತವಾಗಿಲ್ಲದಿದ್ದರೆ ಮರ ಕಿತ್ತುಬರುತ್ತದೆ. ಕಿತ್ತುಬಂದ ಕಡೆ ಬಲ ಹಾಕದೆ ಎದುರು ದಿಕ್ಕಿನಿಂದ ಕೆತ್ತಬೇಕು. ಅಭ್ಯಾಸಕ್ಕೆ ಅದೇ ಹಲಗೆಯಿಂದ ಉಳಿದ ತುಂಡು ಇದ್ದೇ ಇರುತ್ತದೆ; ಮೂರು ಸುರುಳಿ ಅದರ ಮೇಲೆ ಕೆತ್ತಿದ ನಂತರವೇ ಒಡಲಿಗೆ ಕೈ ಹಚ್ಚುವುದು ಲೇಸು.

ಬಣ್ಣ ಮತ್ತು ಎಣ್ಣೆ

ಕೊನೆಯ ನಯಕ್ಕೆ ಮರಳುಕಾಗದಕ್ಕಿಂತ ಕೆರೆಯುವ ತಗಡು ಮೇಲು. ಮರಳುಕಾಗದ ಕೆತ್ತನೆಯ ಅಂಚನ್ನೂ ಹಿತ್ತಾಳೆಯ ಬದಿಯ ಮರವನ್ನೂ ಸವೆಸಿಬಿಡುತ್ತದೆ. ಕೆರೆದಾದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೆ ಮರದ ರೋಮಗಳು ಏಳುತ್ತವೆ. ಒಣಗಿಸಿ, ಅವನ್ನು ಮೆಲ್ಲಗೆ ಕೆರೆಯಬೇಕು. ಎರಡು ಮೂರು ಸಲ ಹೀಗೆ ಮಾಡಿದರೆ ಮತ್ತೆ ಏಳುವುದಿಲ್ಲ.

ಹಳೆಯ ಮೇಪಲ್ ಒಡಲುಗಳ ಆ ಕೆಂಗಂದು ಬಣ್ಣ ಹೊರಗಿನಿಂದ ಬಳಿದದ್ದಲ್ಲ. ಕಬ್ಬಿಣವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದ ದ್ರಾವಣವನ್ನು ಮರಕ್ಕೆ ಸವರಿ, ಬಿಸಿ ತೋರಿಸಿ ಮರದೊಳಗೇ ಹುಟ್ಟಿಸುವ ಬಣ್ಣ ಅದು. ಆ ದ್ರಾವಣವನ್ನು ಮನೆಯಲ್ಲಿ ತಯಾರಿಸಲು ಹೋಗಬಾರದು, ಏಕೆಂದರೆ ಆಗ ಏಳುವ ಕಂದು ಹೊಗೆ ಶ್ವಾಸಕೋಶಕ್ಕೆ ವಿಷ. ಫೆರಿಕ್ ನೈಟ್ರೇಟ್ ಹರಳನ್ನು ನೀರಿನಲ್ಲಿ ಕರಗಿಸಿದರೂ ಅದೇ ಫಲ ಸಿಗುತ್ತದೆ. ಕೈಗವಸು, ಕನ್ನಡಕ ಧರಿಸಿ, ಬಯಲಿನಲ್ಲೇ ಈ ಕೆಲಸ ಮಾಡಬೇಕು. ಹಲಗೆಯ ತುಂಡಿನ ಮೇಲೆ ಮೊದಲು ಪರೀಕ್ಷಿಸದೆ ಒಡಲಿಗೆ ಸವರಕೂಡದು.

ದ್ರಾವಣ ಸವರಿ ಒಣಗಿದಾಗ ಮರ ಹಸಿರು ಬೆರೆತ ಹಳದಿಯಾಗಿ, ಹಾಳಾಯಿತೇನೋ ಎನಿಸುವಂತೆ ಕಾಣುತ್ತದೆ. ಬಿಸಿಗಾಳಿಯ ಯಂತ್ರವನ್ನು ಒಂದು ಗೇಣು ದೂರದಲ್ಲಿ ಹಿಡಿದು ನಿಧಾನವಾಗಿ ಸರಿಸುತ್ತ ಹೋದಂತೆ ಆ ಹಸಿರು ಕರಗಿ, ಅದರ ಹಿಂದೆಯೇ ಕೆಂಗಂದು ಬಣ್ಣ ಹರಡಿಕೊಳ್ಳುತ್ತದೆ. ಅಲೆಯಾಗಿ ಬೆಳೆದ ನಾರಿನ ತುದಿಗಳು ಮೇಲ್ಮೈಗೆ ಬಂದಿರುವ ಕಡೆ ದ್ರಾವಣ ಹೆಚ್ಚು ಇಂಗಿರುವುದರಿಂದ ಪಟ್ಟೆಗಳು ಒಂದೊಂದಾಗಿ ಗಾಢವಾಗಿ ಏಳುತ್ತವೆ. ಬಣ್ಣ ಬದಲಾಗುವುದು ನಿಂತ ಕೂಡಲೇ ಬಿಸಿಯನ್ನು ತೆಗೆಯಬೇಕು. ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಿ ಉಳಿದ ಆಮ್ಲವನ್ನು ತಣಿಸಿ, ಬರಿಯ ನೀರಿನಿಂದ ಮತ್ತೊಮ್ಮೆ ಒರೆಸಿ, ಒಂದೆರಡು ದಿನ ಒಣಗಲು ಬಿಡಬೇಕು. ತಣಿಸದೆ ಬಿಟ್ಟ ಆಮ್ಲ ವರ್ಷಗಳ ಮೇಲೆ ಮರವನ್ನು ಕಪ್ಪಾಗಿಸುತ್ತದೆ, ತಾಗಿದ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ.

ನಂತರ ಕಾಯಿಸಿದ ಅಗಸೆ ಎಣ್ಣೆ. ಮೊದಲ ಲೇಪವನ್ನು ಮರ ಕುಡಿದಷ್ಟೂ ಕುಡಿಸಿ, ಕಾಲು ಗಂಟೆಯ ಮೇಲೆ ಉಳಿದದ್ದನ್ನು ಒರೆಸಿ ತೆಗೆಯಬೇಕು. ಮುಂದಿನ ಲೇಪಗಳು ಅಂಗೈಯಲ್ಲಿ ನಾಲ್ಕೈದು ಹನಿ ಹಾಕಿಕೊಂಡು, ಕೈ ಬಿಸಿಯಾಗುವವರೆಗೆ ತಿಕ್ಕುವಷ್ಟು ತೆಳುವಾಗಿರಲಿ. ಒಂದು ಪೂರ್ತಿ ಒಣಗದೆ ಇನ್ನೊಂದು ಬೇಡ. ನಳಿಗೆಯ ಕಾಲುವೆ, ಲಾಕಿನ ಗುಳಿ, ಬುಡದ ಫಲಕದ ಕೆಳಗಿನ ಮರ ಇವಕ್ಕೂ ಎಣ್ಣೆ ಕಾಣಿಸಬೇಕು, ಇಲ್ಲವಾದರೆ ತೇವ ಅಲ್ಲಿಂದಲೇ ಒಳಗೆ ಹೋಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತನಗೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿ, ಬಯಲಿನಲ್ಲಿ ಹರಡಿ ಒಣಗಿಸಿದ ಮೇಲೆಯೇ ಬಿಸಾಡಬೇಕು.

ಎಂಟೋ ಹತ್ತೋ ಲೇಪಗಳಾಗಿ, ಕೊನೆಯದು ಅಂಟು ಬಿಟ್ಟು ಒಣಗಿದ ಮೇಲೆ ಹಿತ್ತಾಳೆಯ ಭಾಗಗಳನ್ನು ತಿಕ್ಕಿ ಮರಳಿ ಜೋಡಿಸಿ, ನಳಿಗೆಯನ್ನು ಕಾಲುವೆಗೆ ಇಳಿಸಿ, ಅಡ್ಡಕಡ್ಡಿಗಳಿಗೆ ಒಂದಿಷ್ಟು ಜೇನುಮೇಣ ಸವರಿ ಬಲದಿಂದ ಎಡಕ್ಕೆ ತೂರಿಸಬೇಕು. ಬಿಚ್ಚುವಾಗ ಎಡದಿಂದ ಬಲಕ್ಕೆ. ಪ್ರತಿ ಸಲವೂ ಒಂದೇ ದಿಕ್ಕನ್ನು ಪಾಲಿಸಿದರೆ, ಕಡ್ಡಿ ಹೊರಬರುವ ಕಡೆ ಮರದ ಚಕ್ಕೆ ಏಳುವುದಿಲ್ಲ.